ಸಮನ್ಸ್ ಮುಂಡಪ್ಪ ವಕೀಲರಾದದ್ದು

ಮುಂಡಪ್ಪ ಕೋರ್ಟಿನ ಕೆಲಸಕ್ಕೆ ಸೇರಿದ್ದು ೧೯೮೮ರಲ್ಲಿ, ಇಪ್ಪತ್ತಾರನೆಯ ವಯಸ್ಸಿನಲ್ಲಿ. ಆಗ ನಾನು ಅದೇ ಕೋರ್ಟಿನಲ್ಲಿ ಗುಮಾಸ್ತ. ಮುಂದೆ ಶಿರಸ್ತೇದಾರನಾದೆ, ಅಂದರೆ ಕಚೇರಿಯ ಸಿಬ್ಬಂದಿಗೆಲ್ಲ ಮೇಲಿನವನು. ನಮ್ಮ ಕಡೆಯ ಒಂದು ಸಣ್ಣ ಕೋರ್ಟು ಅದು. ಯಾವ ಊರಿನದು ಎಂದು ಬರೆಯುವುದಿಲ್ಲ. ಯಾಕೆಂದು ಮುಂದೆ ಓದಿದವರಿಗೆ ತಿಳಿಯುತ್ತದೆ.

ಅವನ ಕೆಲಸ ಸಮನ್ಸ್ ಮುಟ್ಟಿಸುವುದು. ಯಾರ ಮೇಲಾದರೂ ದಾವೆ ಬಿದ್ದರೆ, ಇಂಥ ತಾರೀಕಿಗೆ ಹಾಜರಾಗಿ ಎನ್ನುವ ಕಾಗದವನ್ನು ಅವರ ಮನೆಗೇ ಒಯ್ದು, ಕೈಯಲ್ಲಿ ಕೊಟ್ಟು, ಸಹಿ ಹಾಕಿಸಿಕೊಂಡು ಬರಬೇಕು. ಗುರುವಾಯನಕೆರೆಯಲ್ಲಿ ಅವನ ಮನೆ. ಬೆಳಿಗ್ಗೆ ಚೀಲ ಹೆಗಲಿಗೆ ಹಾಕಿ ಬಸ್ಸು ಹತ್ತಿದರೆ ಸಂಜೆವರೆಗೆ ತಿರುಗಾಟ. ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಯಜಮಾನ ಕೋರ್ಟಿನವರೆಂದರೆ ಹಟ್ಟಿಯ ಹಿಂದೆ ಅಡಗುತ್ತಾನೆ, ಯಾವ ಕಾಲುದಾರಿ ಹಿಡಿದರೆ ಎರಡು ಮೈಲಿ ಉಳಿಯುತ್ತದೆ, ಎಲ್ಲ ಅವನಿಗೆ ಬಾಯಿಪಾಠವಾಗಿತ್ತು. ಜನ ಅವನನ್ನು ಸಮನ್ಸ್ ಮುಂಡಪ್ಪ ಎಂದೇ ಕರೆಯುತ್ತಿದ್ದರು. ಅವನು ಅಂಗಳಕ್ಕೆ ಕಾಲಿಟ್ಟರೆ ಮನೆಯೊಳಗಿನ ಮಾತು ನಿಲ್ಲುತ್ತಿತ್ತು. ಒಳ್ಳೆಯ ಮನುಷ್ಯ ಎಂದು ಎಲ್ಲರಿಗೂ ಗೊತ್ತು, ಆದರೆ ಮನೆಗೆ ಬರುವುದು ಯಾರಿಗೂ ಬೇಡ.

ನಾನು ಹೇಳಹೊರಟದ್ದು ೨೦೦೪ರ ಮಾರ್ಚ್ ತಿಂಗಳಲ್ಲಿ ನಡೆದ ಒಂದು ಸಂಗತಿಯಿಂದ ಶುರುವಾಗುತ್ತದೆ.

ಕೊಕ್ಕಡದಿಂದ ಒಳಗೆ, ರಬ್ಬರ್ ತೋಟವೊಂದನ್ನು ದಾಟಿದರೆ ಆಸ್ಯಮ್ಮ ಎಂಬ ವಿಧವೆಯ ಮನೆ. ಮನೆ ಮತ್ತು ಅದರ ಸುತ್ತಲಿನ ಹದಿನೆಂಟು ಸೆಂಟ್ಸ್ ಜಾಗ ತನ್ನದೆಂದು ಅವರ ಗಂಡನ ತಮ್ಮ ದಾವೆ ಹೂಡಿದ್ದ. ಸಮನ್ಸ್ ಹಿಡಿದು ಮುಂಡಪ್ಪ ಹೋದಾಗ ಬಾಗಿಲಿಗೆ ಬೀಗ. ಅಂಥ ಸಂದರ್ಭದಲ್ಲಿ ಮನೆಯವರು ಎಲ್ಲಿದ್ದಾರೆಂದು ನೆರೆಯವರನ್ನು ಕೇಳಬೇಕು, ಇನ್ನೊಂದು ದಿನ ಮತ್ತೆ ಹೋಗಬೇಕು, ಯಾವುದೂ ಆಗದಿದ್ದರೆ ಸಾಕ್ಷಿಗಳ ಎದುರು ಕಾಗದವನ್ನು ಬಾಗಿಲಿಗೆ ಅಂಟಿಸಬಹುದು. ಅವತ್ತು ಅವನ ಚೀಲದಲ್ಲಿ ಇನ್ನೂ ಏಳು ಕಾಗದಗಳಿದ್ದವು, ಬಿಸಿಲು ನೆತ್ತಿಯ ಮೇಲಿತ್ತು, ಹತ್ತಿರದ ಮನೆಯೆಂದರೆ ರಬ್ಬರ್ ತೋಟದ ಆಚೆ ತುದಿಯದು. ಅವನು ಕಾಗದವನ್ನು ಬಾಗಿಲಿಗೆ ಅಂಟಿಸಿ ಬಸ್ಸಿಗೆ ನಡೆದ. ವರದಿಯಲ್ಲಿ ಹೀಗೆ ಬರೆದ: ‘ನೆರೆಯವರನ್ನು ವಿಚಾರಿಸಲಾಗಿ ಪ್ರತಿವಾದಿಯು ಸಮನ್ಸ್ ಪಡೆಯದೆ ತಲೆತಪ್ಪಿಸಿಕೊಂಡಿರುವುದಾಗಿ ತಿಳಿದುಬಂದ ಕಾರಣ ಮನೆಯ ಬಾಗಿಲಿಗೆ ಅಂಟಿಸಿ ಜಾರಿ ಮಾಡಿದ್ದೇನೆ.’

ಈ ವಾಕ್ಯ ಅವನು ಹುಟ್ಟಿಸಿದ್ದಲ್ಲ. ಅವನಿಗಿಂತ ಹಿಂದಿನವರೂ ಬರೆಯುತ್ತಿದ್ದದ್ದು. ನನ್ನ ಮೇಜಿನ ಮೇಲೆ ಅದು ನೂರಾರು ಸಲ ಹಾದುಹೋಗಿದೆ. ಯಾವ ನೆರೆಯವರು, ಹೆಸರೇನು ಎಂದು ನಾನು ಒಂದು ಸಲವೂ ಕೇಳಿದವನಲ್ಲ.

ತಾರೀಕಿಗೆ ಆಸ್ಯಮ್ಮ ಬರಲಿಲ್ಲ. ಪ್ರತಿವಾದಿ ಬಾರದಿದ್ದರೆ ಒಂದೇ ಕಡೆಯವರ ಮಾತು ಕೇಳಿ ತೀರ್ಪು ಕೊಡುವುದುಂಟು. ಹಾಗೆಯೇ ಆಯಿತು. ನವೆಂಬರ್‌ನಲ್ಲಿ, ಜಾಗ ಬಿಟ್ಟುಕೊಡಬೇಕೆನ್ನುವ ನೋಟಿಸು ಹೊರಟಿತು. ಒಯ್ಯುವವನು ಮತ್ತೆ ಮುಂಡಪ್ಪನೇ.

ಈ ಸಲ ಬಾಗಿಲು ತೆರೆದಿತ್ತು. ಆಸ್ಯಮ್ಮ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತಿದ್ದರು. ಬಿಸಿಲಲ್ಲಿ ನಡೆದು ಬಂದವನನ್ನು ಕಂಡು, ಯಾರು ಏನು ಎಂದು ಕೇಳುವ ಮೊದಲೇ ಒಳಗೆ ಹೋಗಿ ಬೆಲ್ಲ ಮತ್ತು ನೀರು ತಂದಿಟ್ಟರು. ಇಬ್ಬರದೂ ತುಳುವಿನಲ್ಲಿ ಮಾತು.

“ನಿಮ್ಮ ಮೇಲೆ ಒಂದು ಕೇಸು ಇದ್ದದ್ದು ಗೊತ್ತುಂಟಲ್ಲ?” ಎಂದು ಮುಂಡಪ್ಪ ಕೇಳಿದ.

“ನನ್ನ ಮೇಲೆ ಎಂತ ಕೇಸು ಅಣ್ಣ?” ಎಂದು ಅವರು ನಕ್ಕರು.

“ಮಾರ್ಚಿನಲ್ಲಿ ಈ ಬಾಗಿಲಿಗೆ ಕಾಗದ ಅಂಟಿಸಿದ್ದೆ.”

“ಮಾರ್ಚಿನಲ್ಲಿ ನಾನು ಇಲ್ಲಿ ಇರ್ಲೇ ಇಲ್ಲ. ಮಗಳನ್ನು ಹೆರಿಗೆಗೆ ಮಂಗಳೂರಿನ ಆಸ್ಪತ್ರೆಗೆ ಸೇರಿಸಿದ್ದೆವು. ಒಂದು ತಿಂಗಳು ಅವಳ ಜೊತೆಗೇ ಇದ್ದೆ. ಬರುವಾಗ ಬಾಗಿಲಲ್ಲಿ ಎಂತ ಕಾಗದವೂ ಇರ್ಲಿಲ್ಲ. ಆಚೆ ಮನೆಯವರನ್ನು ಕೇಳಿದ್ರೆ ಹೇಳ್ತಿದ್ರಲ್ಲ?”

ಮುಂಡಪ್ಪ ನೀರಿನ ಲೋಟವನ್ನು ಹಾಗೆಯೇ ಕೆಳಗಿಟ್ಟ. ನೋಟಿಸನ್ನು ಚೀಲದಿಂದ ಹೊರಗೆ ತೆಗೆಯಲಿಲ್ಲ. ಇನ್ನೊಮ್ಮೆ ಬರುತ್ತೇನೆ ಎಂದು ಎದ್ದುಬಂದ.

ಮರುದಿನ ಕಚೇರಿ ಶುರುವಾಗುವ ಮೊದಲು ನನ್ನ ಮೇಜಿನ ಎದುರು ನಿಂತಿದ್ದ. ನಡೆದದ್ದನ್ನು ಹೇಳಿ, “ಸಾರ್, ನಾನು ಯಾರನ್ನೂ ಕೇಳ್ಲಿಲ್ಲ. ಕೇಳಿದ್ದೇನೆ ಅಂತ ಬರೆದೆ. ಅದನ್ನು ನಂಬಿ ಸಾಹೇಬರು ತೀರ್ಪು ಕೊಟ್ಟರು. ಈಗ ಆ ಹೆಂಗಸಿನ ಮನೆ ಹೋಗ್ತದೆ” ಎಂದ.

ನಾನು ಏನು ಹೇಳಿದೆ ಎನ್ನುವುದನ್ನು ಮುಚ್ಚಿಡುವುದಿಲ್ಲ. “ಸುಮ್ಮನಿರು ಮಾರಾಯ. ಆಕೆ ಬೇಕಾದರೆ ವಕೀಲರನ್ನು ಹಿಡಿದು ಅರ್ಜಿ ಹಾಕಲಿ. ನೀನಾಗಿ ಬಾಯಿ ಬಿಟ್ಟರೆ ಕೆಲಸ ಹೋಗ್ತದೆ. ಮನೆಯಲ್ಲಿ ಸಣ್ಣ ಮಗಳಿದ್ದಾಳೆ, ತಾಯಿಗೆ ಹುಷಾರಿಲ್ಲ. ಯೋಚನೆ ಮಾಡು” ಎಂದೆ.

“ಯೋಚನೆ ಮಾಡಿಯೇ ಬಂದದ್ದು ಸಾರ್. ನಿಮಗೆ ಮೊದಲು ತಿಳಿಸುವ ಅಂತ ಬಂದೆ” ಎಂದ.

ಅವನು ನನ್ನ ಸಲಹೆ ಕೇಳಲು ಬಂದಿರಲಿಲ್ಲ ಎಂದು ಆಗ ಗೊತ್ತಾಯಿತು.

ಅದೇ ವಾರ ರಜೆ ಹಾಕಿ ಕೊಕ್ಕಡಕ್ಕೆ ಹೋದ. ಆಸ್ಯಮ್ಮನನ್ನು ಬಸ್ಸಿನಲ್ಲಿ ಕರೆದುಕೊಂಡು ಬಂದು, ಬಡವರಿಗೆ ಉಚಿತವಾಗಿ ವಕೀಲರನ್ನು ಒದಗಿಸುವ ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿಸಿದ. ತಪ್ಪು ತನ್ನದೆಂದು ಬಸ್ಸಿನಲ್ಲೇ ಹೇಳಿದನಂತೆ. ಅವರು, “ಹೇಳಿದಿರಲ್ಲ. ಈಗ ಎಂತ ಮಾಡ್ಬೇಕು, ಅದು ಹೇಳಿ” ಎಂದರಂತೆ.

ತೀರ್ಪನ್ನು ರದ್ದು ಮಾಡಬೇಕೆಂದು ಅರ್ಜಿ ಬಿತ್ತು. ಮುಂಡಪ್ಪನನ್ನು ಸಾಕ್ಷಿಯಾಗಿ ಕರೆದರು. ಹದಿನಾರು ವರ್ಷ ಆ ಕೋರ್ಟ್ ಹಾಲಿನ ಗೋಡೆ ಬದಿಯಲ್ಲಿ ನಿಂತವನು ಅವತ್ತು ಕಟಕಟೆ ಹತ್ತಿದ. ಎದುರಿನ ವಕೀಲರು ವರದಿಯನ್ನು ಅವನ ಕೈಗೆ ಕೊಟ್ಟರು.

“ಇದು ನಿಮ್ಮ ಕೈಬರಹವೇ?”

“ಹೌದು.”

“ಸಹಿಯೂ ನಿಮ್ಮದೇ?”

“ಹೌದು.”

“ಹಾಗಾದರೆ ಇದರಲ್ಲಿರುವುದು ಸತ್ಯ.”

“ಅಲ್ಲ. ನಾನು ಯಾವ ನೆರೆಯವರನ್ನೂ ವಿಚಾರಿಸಲಿಲ್ಲ. ಆ ಸಾಲು ಸುಳ್ಳು.”

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. “ಮುಂಡಪ್ಪ, ನೀವು ಏನು ಹೇಳ್ತಿದ್ದೀರಿ ಗೊತ್ತಾ? ನಾನು ಬರೆದುಕೊಂಡರೆ ಅದು ನಿಮ್ಮ ವಿರುದ್ಧವೇ ದಾಖಲೆ ಆಗ್ತದೆ.”

“ಗೊತ್ತುಂಟು ಸ್ವಾಮಿ. ಬರೆದುಕೊಳ್ಳಿ.”

ನಾನು ನನ್ನ ಜಾಗದಲ್ಲಿ ತಲೆ ಬಗ್ಗಿಸಿ ಕುಳಿತಿದ್ದೆ. ಅವತ್ತಿನಿಂದ ಮುಂಡಪ್ಪನವರನ್ನು ಏಕವಚನದಲ್ಲಿ ಕರೆಯಲು ನನಗೆ ಆಗಲಿಲ್ಲ. “ಇದೆಂತ ಸಾರ್, ನನಗೆ ಬಹುವಚನ?” ಎಂದು ಅವರು ನಗುತ್ತಿದ್ದರು. ನನ್ನ ನಾಲಿಗೆ ಹಿಂದಕ್ಕೆ ಹೋಗಲಿಲ್ಲ.

ಹದಿನೈದು ದಿನದಲ್ಲಿ ತೀರ್ಪು ರದ್ದಾಯಿತು. ಕೇಸು ಮೊದಲಿಂದ ನಡೆದು, ಮೂರು ವರ್ಷದ ನಂತರ ಆಸ್ಯಮ್ಮನ ಪರವಾಗಿ ಮುಗಿಯಿತು. ಮುಂಡಪ್ಪನವರನ್ನು ಅಮಾನತು ಮಾಡಿದರು. ವಿಚಾರಣೆ ಐದು ತಿಂಗಳು ಹಿಡಿಯಿತು. ಕೊನೆಗೆ, ತಾವಾಗಿ ಒಪ್ಪಿಕೊಂಡರೆನ್ನುವ ಕಾರಣಕ್ಕೆ ಎಚ್ಚರಿಕೆ ಕೊಟ್ಟು ಕೆಲಸಕ್ಕೆ ಮರಳಿ ತೆಗೆದುಕೊಂಡರು.

ಆ ಐದು ತಿಂಗಳಲ್ಲೇ ಅವರ ಬದುಕು ಹೊರಳಿತು. ಹೆಂಡತಿ ಕುಸುಮ ಮನೆಯಲ್ಲಿ ಬಟ್ಟೆ ಹೊಲಿಯುವವರು, ಮಾತು ಕಡಿಮೆ. ಗಂಡ ಅಂಗಳದಲ್ಲಿ ಅತ್ತಿಂದಿತ್ತ ನಡೆಯುವುದನ್ನು ಒಂದು ವಾರ ನೋಡಿದರು. ಆಮೇಲೆ, “ನೀವು ಹೇಳಿದ್ದು ಸರಿ. ಅದರ ಬಗ್ಗೆ ನನಗೆ ಬೇಸರ ಇಲ್ಲ. ಆದರೆ ಹೀಗೆ ಸುತ್ತುವುದು ನೋಡ್ಲಿಕ್ಕೆ ಆಗುದಿಲ್ಲ. ಎಂತಾದ್ರೂ ಓದಿ” ಎಂದರು.

ಮುಂಡಪ್ಪನವರು ನನ್ನ ಮನೆಗೆ ಬಂದು, ಸಿವಿಲ್ ದಾವೆಗಳು ಹೇಗೆ ನಡೆಯಬೇಕೆಂದು ಹೇಳುವ ಸಂಹಿತೆಯ ಕನ್ನಡ ಪುಸ್ತಕ ಕೇಳಿದರು. ವಿಚಾರಣೆಗೆ ಉತ್ತರ ಬರೆಯಲು ಬೇಕೆಂದು ಕೊಟ್ಟೆ. ನಾಲ್ಕು ದಿನ ಬಿಟ್ಟು ಬಂದವರ ಮುಖದಲ್ಲಿ ಒಂದು ಬಗೆಯ ಆಶ್ಚರ್ಯ.

“ಸಾರ್, ಸಮನ್ಸ್ ಹೇಗೆ ಮುಟ್ಟಿಸ್ಬೇಕು ಅಂತ ಇದರಲ್ಲಿ ಮೂವತ್ತು ನಿಯಮ ಉಂಟು. ಹದಿನಾರು ವರ್ಷ ನಾನು ಅದೇ ಕೆಲಸ ಮಾಡಿದ್ದು. ಒಂದು ನಿಯಮವನ್ನೂ ಓದಿರ್ಲಿಲ್ಲ. ಯಾರೂ ಓದು ಅಂತ ಹೇಳ್ಲೂ ಇಲ್ಲ.”

ಆಮೇಲೆ ಪ್ರಶ್ನೆಗಳು ಶುರುವಾದವು. ಹೆಂಡತಿಯ ಕೈಗೆ ಕೊಟ್ಟರೆ ಗಂಡನಿಗೆ ಮುಟ್ಟಿದ ಹಾಗೆಯೇ? ಓದಲು ಬಾರದವರಿಗೆ ಓದಿಹೇಳಬೇಕೆಂದು ಎಲ್ಲಿ ಬರೆದಿದೆ? ಬರೆದಿಲ್ಲವಾದರೆ ಯಾಕೆ ಬರೆದಿಲ್ಲ? ಮೂವತ್ತು ವರ್ಷ ಕೋರ್ಟಿನ ಕಡತ ಹೊತ್ತ ನನಗೆ ಉತ್ತರ ಗೊತ್ತಿರಲಿಲ್ಲ. “ಇದನ್ನೆಲ್ಲ ಸರಿಯಾಗಿ ತಿಳಿಯಬೇಕಾದರೆ ಲಾ ಓದಬೇಕು” ಎಂದು ನಾನು ಅಂದದ್ದು ತಪ್ಪಿಸಿಕೊಳ್ಳುವ ಮಾತು. ಅವರು ಅದನ್ನು ಹಾಗೆ ತೆಗೆದುಕೊಳ್ಳಲಿಲ್ಲ.

ಅವರು ಓದಿದ್ದು ಪಿಯುಸಿವರೆಗೆ. ಕಾನೂನು ಓದಲು ಪದವಿ ಬೇಕು. ಅಂಚೆ ಮೂಲಕ ಬಿ.ಎ. ಮಾಡಿದರು. ಆಮೇಲೆ ಮೇಲಧಿಕಾರಿಗಳ ಒಪ್ಪಿಗೆ ಪಡೆದು, ಬಂಟ್ವಾಳಕ್ಕೆ ವರ್ಗ ಮಾಡಿಸಿಕೊಂಡರು. ಅಲ್ಲಿಂದಾದರೆ ಕಚೇರಿ ಬಿಟ್ಟ ಕೂಡಲೇ ಬಿ.ಸಿ. ರೋಡಿನಲ್ಲಿ ಬಸ್ಸು ಹತ್ತಿ ಮಂಗಳೂರಿನ ಸಂಜೆ ತರಗತಿ ಮುಟ್ಟಬಹುದು. ಸೇರಿದಾಗ ಅವರಿಗೆ ನಲವತ್ತಾರು. ತರಗತಿಯಲ್ಲಿ ಉಳಿದವರಿಗೆಲ್ಲ ಇಪ್ಪತ್ತೆರಡು, ಇಪ್ಪತ್ತಮೂರು. ಮೊದಲ ದಿನ ಅವರು ಒಳಗೆ ಬಂದಾಗ ಮೇಷ್ಟ್ರು ಬಂದರೆಂದು ಹುಡುಗರು ಎದ್ದು ನಿಂತರಂತೆ. ಇವರು ಹೋಗಿ ಕೊನೆಯ ಬೆಂಚಿನಲ್ಲಿ ಕುಳಿತರು.

ಆ ಬೆಂಚಿನಲ್ಲಿ ಮೊದಲೇ ಕುಳಿತಿದ್ದವನು ಇಬ್ರಾಹಿಂ ಖಲೀಲ್. ಬಂಟ್ವಾಳದಲ್ಲಿ ಅವನ ತಂದೆಗೆ ಬಟ್ಟೆ ಅಂಗಡಿ. ಹಗಲು ಅಂಗಡಿಯಲ್ಲಿ ಕುಳಿತು ಸಂಜೆ ಓದಲು ಬರುತ್ತಿದ್ದ. ಇಬ್ಬರಿಗೂ ಒಂದೇ ಬಸ್ಸು. ಮುಂಡಪ್ಪನವರಿಗೆ ಇಂಗ್ಲಿಷ್ ಕಷ್ಟ. ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದಿತ್ತು, ಆದರೆ ದೊಡ್ಡ ಕೋರ್ಟುಗಳ ತೀರ್ಪುಗಳೆಲ್ಲ ಇಂಗ್ಲಿಷಿನಲ್ಲಿ. ಖಲೀಲ್ ಬಸ್ಸಿನಲ್ಲಿ ಅವುಗಳನ್ನು ಓದಿ ತುಳುವಿನಲ್ಲಿ ಹೇಳುತ್ತಿದ್ದ. ಬದಲಿಗೆ ಇವರು ಪುಸ್ತಕದಲ್ಲಿಲ್ಲದ್ದನ್ನು ಅವನಿಗೆ ಕಲಿಸಿದರು: ಕಕ್ಷಿದಾರ ವಕೀಲರಿಗೆ ಬರೆದುಕೊಡುವ ವಕಾಲತ್ತು ಹೇಗಿರುತ್ತದೆ, ಕಡತದ ಯಾವ ಹಾಳೆಯನ್ನು ಮೊದಲು ನೋಡಬೇಕು, ಸಾಕ್ಷಿ ಸುಳ್ಳು ಹೇಳುವಾಗ ಕೈ ಎಲ್ಲಿಡುತ್ತಾನೆ.

“ನಾನು ಕಾನೂನು ಓದಿದ್ದು ಕಾಲೇಜಿನಲ್ಲಿ. ಕೋರ್ಟು ಅಂದ್ರೆ ಎಂತ ಅಂತ ಗೊತ್ತಾದದ್ದು ಮುಂಡಪ್ಪಣ್ಣನ ಜೊತೆ ಬಸ್ಸಿನಲ್ಲಿ” ಎಂದು ಖಲೀಲ್ ಈಗಲೂ ಹೇಳುತ್ತಾರೆ.

ನ್ಯಾಯಶಾಸ್ತ್ರವೆಂಬ ಒಂದು ಪತ್ರಿಕೆ ಮಾತ್ರ ಮುಂಡಪ್ಪನವರಿಗೆ ಒಗ್ಗಲಿಲ್ಲ. ಕಾನೂನು ಎಂದರೇನು, ಹಕ್ಕು ಎಂದರೇನು ಎಂದು ಹಳೆಯ ಪಂಡಿತರು ಮಾಡಿದ ವಾದಗಳು. ಅದರಲ್ಲಿ ಮೂರು ಸಲ ನಪಾಸಾದರು. ಜೊತೆಯವರು ಕೋಟು ಹಾಕಿ ಕೋರ್ಟಿಗೆ ಬರತೊಡಗಿದಾಗ ಇವರು ಅದೇ ಕೋರ್ಟಿನಿಂದ ಸಮನ್ಸ್ ಹಿಡಿದು ಹೊರಗೆ ಹೋಗುತ್ತಿದ್ದರು. ನಾಲ್ಕನೆಯ ಸಲ ಪಾಸಾದರು. ಫಲಿತಾಂಶ ಬಂದ ದಿನ ನನಗೆ ಫೋನು ಮಾಡಿ, “ಸಾರ್, ಆಯ್ತು” ಎಂದರು. ಅಷ್ಟೇ. ಯಾವುದು ಆಯಿತೆಂದು ನಾನು ಕೇಳಲೂ ಇಲ್ಲ.

ಪದವಿ ಸಿಕ್ಕಿತು, ಆದರೆ ಸರ್ಕಾರಿ ಕೆಲಸದಲ್ಲಿರುವವರು ವಕೀಲಿ ಮಾಡುವಂತಿಲ್ಲ. ಕೆಲಸ ಬಿಡೋಣವೆಂದರೆ ತಾಯಿ ಹಾಸಿಗೆ ಹಿಡಿದಿದ್ದರು, ಮಗಳು ಸುರಕ್ಷಾ ಹೈಸ್ಕೂಲಿನಲ್ಲಿ. ಹಾಗಾಗಿ ಕಾದರು. ಹತ್ತು ವರ್ಷ ಕಾದರು. ನನಗಂತೂ ಆ ಆಸೆ ಅಲ್ಲಿಗೆ ಮುಗಿಯಿತೆಂದೇ ಅನಿಸಿತ್ತು. ಆದರೆ ಅವರ ಚೀಲದಲ್ಲಿ ಸಮನ್ಸ್ ಕಾಗದಗಳ ಜೊತೆ ಯಾವಾಗಲೂ ಒಂದು ಪುಸ್ತಕ ಇರುತ್ತಿತ್ತು. ಈ ವರ್ಷಗಳಲ್ಲಿ ಬರೆದ ಕೆಲವು ವರದಿಗಳ ಪ್ರತಿಗಳನ್ನು ಅವರೇ ನನಗೆ ತೋರಿಸಿದ್ದಾರೆ. ಯಾರನ್ನು ಕೇಳಿದೆ, ಅವರ ಹೆಸರೇನು, ಮನೆ ಎಷ್ಟು ದೂರ, ಏನು ಹೇಳಿದರು, ಎಷ್ಟು ಗಂಟೆಗೆ. ಒಂದೊಂದು ವರದಿ ಒಂದೂವರೆ ಪುಟ. ಹೊಸ ನ್ಯಾಯಾಧೀಶರೊಬ್ಬರು ಅದನ್ನು ಇಡೀ ಸಿಬ್ಬಂದಿಗೆ ಓದಿಹೇಳಿ, ಹೀಗೆ ಬರೆಯಿರಿ ಎಂದರು.

೨೦೨೨ರಲ್ಲಿ ಅರವತ್ತು ತುಂಬಿ ನಿವೃತ್ತರಾದರು. ಅದೇ ವರ್ಷ ಬೆಂಗಳೂರಿಗೆ ಹೋಗಿ ವಕೀಲರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಂಡರು. ಸಾಲಿನಲ್ಲಿ ಹಿಂದೆ ನಿಂತ ಹುಡುಗಿ, “ಅಂಕಲ್, ಮಗನ ಜೊತೆ ಬಂದದ್ದಾ?” ಎಂದು ಕೇಳಿದಳಂತೆ. ಕರಿ ಕೋಟನ್ನು ಕುಸುಮ ತಾವೇ ಹೊಲಿದಿದ್ದರು.

ಹೊಸ ವಕೀಲರು ಯಾರಾದರೂ ಹಿರಿಯರ ಕೈಕೆಳಗೆ ಕಲಿಯುವುದು ಪದ್ಧತಿ. ಖಲೀಲ್ ಅಷ್ಟರಲ್ಲಿ ಬಿ.ಸಿ. ರೋಡಿನಲ್ಲಿ ಹೆಸರು ಮಾಡಿದ ವಕೀಲರು, ವಯಸ್ಸು ಮೂವತ್ತೇಳು. ಅರವತ್ತರ ಮುಂಡಪ್ಪನವರು ಅದೇ ಖಲೀಲರ ಕಚೇರಿಗೆ ಜೂನಿಯರ್ ಆಗಿ ಸೇರಿದರು. ಕೋರ್ಟಿನಲ್ಲಿ ಇವರು ಅವರನ್ನು “ಸಾರ್” ಎನ್ನುತ್ತಾರೆ. ಅವರು ಇವರನ್ನು “ಮುಂಡಪ್ಪಣ್ಣ” ಎನ್ನುತ್ತಾರೆ. “ಸಾರ್ ಅನ್ಬೇಡಿ ಅಂತ ಎಷ್ಟು ಸಲ ಹೇಳಿದ್ರೂ ಕೇಳುದಿಲ್ಲ” ಎಂದು ಖಲೀಲ್ ನನ್ನಲ್ಲಿ ದೂರಿದ್ದಾರೆ.

ಮುಂಡಪ್ಪನವರಿಗೆ ಮೊದಲ ತಿಂಗಳುಗಳು ಸುಲಭವಾಗಿರಲಿಲ್ಲ. ಕೋರ್ಟ್ ಹಾಲಿಗೆ ಹೋದರೆ ಕಾಲುಗಳು ತಾವಾಗಿ ಗೋಡೆ ಬದಿಗೆ, ಸಿಬ್ಬಂದಿ ನಿಲ್ಲುವ ಜಾಗಕ್ಕೆ ಹೋಗುತ್ತಿದ್ದವು. ಒಂದು ದಿನ ನ್ಯಾಯಾಧೀಶರು ಯಾವುದೋ ಕಡತ ಕೇಳಿದಾಗ, ವಕೀಲರ ಕುರ್ಚಿಯಿಂದ ಎದ್ದು ತಾವೇ ತರಲು ಹೊರಟರು. ಧ್ವನಿಯೂ ಏಳುತ್ತಿರಲಿಲ್ಲ. “ವಕೀಲರೇ, ಸ್ವಲ್ಪ ಜೋರಾಗಿ” ಎಂದು ಯುವ ನ್ಯಾಯಾಧೀಶರು ಮೂರು ಸಲ ಹೇಳಬೇಕಾಯಿತು.

“ಮೂವತ್ತನಾಲ್ಕು ವರ್ಷ ಕೋರ್ಟಿನೊಳಗೆ ಬಾಯಿ ಮುಚ್ಚಿ ಅಭ್ಯಾಸ ಸಾರ್. ಇಲ್ಲಿ ಮಾತಾಡುವ ಅಂದ್ರೆ ಗಂಟಲು ಕೇಳುದಿಲ್ಲ” ಎಂದು ಅವರು ನನಗೆ ಹೇಳಿದರು. ದಿನಾ ಬೆಳಿಗ್ಗೆ ಮನೆಯ ಹಿಂದಿನ ಗುಡ್ಡಕ್ಕೆ ಹೋಗಿ, ಹಳೆಯ ದಾವೆಯೊಂದನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಮಗಳು ಸುರಕ್ಷಾ ಆಗ ಮಿಜಾರಿನ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದಳು. ರಜೆಯಲ್ಲಿ ಬಂದರೆ ದೂರದಲ್ಲಿ ನಿಂತು, “ಅಪ್ಪ, ಕೇಳುದಿಲ್ಲ” ಎನ್ನುವುದು ಅವಳ ಕೆಲಸ.

ಅವರ ಹೆಸರು ಜನರ ಬಾಯಿಗೆ ಬಂದದ್ದು ಮೂಡಬಿದಿರೆಯ ಒಂದು ಕೇಸಿನಿಂದ. ಶೋಧನ್ ಎಂಬ ಇಪ್ಪತ್ತನಾಲ್ಕರ ತರುಣ ಬೇಕರಿ ಸಾಮಾನಿನ ವ್ಯಾನು ಓಡಿಸುತ್ತಿದ್ದ. ಮುಸ್ಸಂಜೆಯಲ್ಲಿ ರಸ್ತೆ ದಾಟುತ್ತಿದ್ದ ಒಬ್ಬರಿಗೆ ಗುದ್ದಿ, ನಿಲ್ಲಿಸದೆ ಹೋದನೆಂದು ಅವನ ಮೇಲೆ ಆರೋಪ. ಗುದ್ದಿಸಿಕೊಂಡವರ ಕಾಲು ಮುರಿದಿತ್ತು. ಬಸ್ ತಂಗುದಾಣದಲ್ಲಿದ್ದ ಒಬ್ಬ ಹಿರಿಯ ವ್ಯಾಪಾರಿ ಕಣ್ಣಾರೆ ಕಂಡೆನೆಂದು ವ್ಯಾನಿನ ನಂಬರು ಸಮೇತ ಹೇಳಿಕೆ ಕೊಟ್ಟಿದ್ದರು. ಶೋಧನ್ ಅತ್ತುಕೊಂಡು, ಆ ಹೊತ್ತಿಗೆ ತಾನು ಗುರುವಾಯನಕೆರೆ ದಾಟಿರಲಿಲ್ಲ ಎನ್ನುತ್ತಿದ್ದ. ನಂಬುವವರಿರಲಿಲ್ಲ. ಕೇಸು ಖಲೀಲರ ಕಚೇರಿಗೆ ಬಂತು. ಅವರು ಇದನ್ನು ಪೂರ್ತಿ ಮುಂಡಪ್ಪನವರಿಗೇ ಬಿಟ್ಟರು.

ಮುಂಡಪ್ಪನವರು ಮಾಡಿದ ಮೊದಲ ಕೆಲಸ ಬಸ್ಸು ಹತ್ತಿ ಆ ತಂಗುದಾಣಕ್ಕೆ ಹೋದದ್ದು. ಅಪಘಾತ ನಡೆದ ಹೊತ್ತಿನಲ್ಲೇ, ಸಂಜೆ ಆರೂವರೆಗೆ, ಒಳಗಿನ ಬೆಂಚಿನಲ್ಲಿ ಕುಳಿತರು. ಎರಡನೆಯ ಸಲ ಖಲೀಲರನ್ನೂ ಕರೆದೊಯ್ದು ಪಕ್ಕದಲ್ಲಿ ಕೂರಿಸಿದರು, ಫೋಟೋ ತೆಗೆಸಿದರು. ಸಾಕ್ಷಿಯ ದಿನ ಅವರು ಕೇಳಿದ ಪ್ರಶ್ನೆಗಳು ಬೆರಳೆಣಿಕೆಯಷ್ಟು.

“ನೀವು ತಂಗುದಾಣದ ಒಳಗೆ ಕುಳಿತಿದ್ರಾ, ಹೊರಗೆ ನಿಂತಿದ್ರಾ?”

“ಒಳಗೆ. ಬೆಂಚಿನಲ್ಲಿ. ನನಗೆ ಮೊಣಕಾಲು ನೋವು.”

“ಆ ಬೆಂಚಿನಲ್ಲಿ ಕುಳಿತರೆ ಬಲಬದಿಯಲ್ಲಿ ಎಂತ ಕಾಣ್ತದೆ?”

ವ್ಯಾಪಾರಿ ಆ ಜಾಗವನ್ನು ಮನಸ್ಸಿನಲ್ಲೇ ನೋಡುತ್ತಿರುವಂತೆ ಇತ್ತು. “ಗೋಡೆ” ಎಂದರು.

“ಅಪಘಾತ ಆದದ್ದು ಎಡಬದಿಯಲ್ಲೋ, ಬಲಬದಿಯಲ್ಲೋ?”

“ಬಲಬದಿ. ತಿರುವಿನ ಹತ್ತಿರ.”

“ಹಾಗಾದ್ರೆ ವ್ಯಾನಿನ ನಂಬರು?”

ಅವರು ಹೇಳಿದರು: “ಶಬ್ದ ಕೇಳಿ ಎದ್ದು ಹೊರಗೆ ಬಂದೆ. ಅಷ್ಟರಲ್ಲಿ ಗಾಡಿ ಹೋಗಿತ್ತು. ನಂಬರು ಅಲ್ಲಿ ಸೇರಿದವರು ಹೇಳಿದ್ದು.”

ಸುಳ್ಳು ಸಾಕ್ಷಿ ಎಂದು ಇನ್ನೆರಡು ಏಟು ಕೊಡಿ ಎಂದು ಖಲೀಲ್ ಹಿಂದಿನಿಂದ ಚೀಟಿ ಕಳುಹಿಸಿದರು. ಮುಂಡಪ್ಪನವರು ಅದನ್ನು ಮಡಚಿ ಜೇಬಿಗೆ ಹಾಕಿ, “ಅಷ್ಟೇ ಸ್ವಾಮಿ” ಎಂದು ಕುಳಿತುಬಿಟ್ಟರು. ಹೊರಗೆ ಬಂದ ಮೇಲೆ ಖಲೀಲ್ ಕೇಳಿದ್ದಕ್ಕೆ, “ಅವರು ಸುಳ್ಳು ಹೇಳಿದ್ದಲ್ಲ ಸಾರ್. ನಾಲ್ಕು ಜನ ಹೇಳಿದ್ದನ್ನು ಕೇಳಿ ಕೇಳಿ, ತಾನೇ ಕಂಡದ್ದು ಅಂತ ತಿಳ್ಕೊಂಡಿದ್ದಾರೆ. ಕೇಳಿದ ಕೂಡಲೇ ಸತ್ಯ ಹೇಳಿದ್ರಲ್ಲ. ಅಷ್ಟು ಜನರ ಎದುರು ಹಾಗೆ ಹೇಳುದು ಸುಲಭ ಅಲ್ಲ” ಎಂದರಂತೆ.

ಶೋಧನ್ ಬಿಡುಗಡೆಯಾದ. ಈಗ ಅದೇ ದಾರಿಯಲ್ಲಿ ವ್ಯಾನು ಓಡಿಸುತ್ತಾನೆ.

ಭಾನುವಾರಗಳಲ್ಲಿ ಮುಂಡಪ್ಪನವರು ಗುರುವಾಯನಕೆರೆಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಕುಳಿತುಕೊಳ್ಳುತ್ತಾರೆ. ಜನ ತಮಗೆ ಬಂದ ಕಾಗದ ಹಿಡಿದು ಬರುತ್ತಾರೆ: ನೋಟಿಸು, ಬ್ಯಾಂಕಿನ ಪತ್ರ, ಪಂಚಾಯತಿಯ ಆದೇಶ. ಇವರು ಮೊದಲು ಕನ್ನಡದಲ್ಲಿ ಓದುತ್ತಾರೆ, ಆಮೇಲೆ ತುಳುವಿನಲ್ಲಿ ಹೇಳುತ್ತಾರೆ, ಕೊನೆಗೆ “ಈಗ ನೀವು ಹೇಳಿ, ಇದರಲ್ಲಿ ಎಂತ ಉಂಟು?” ಎಂದು ಕೇಳುತ್ತಾರೆ. ಬಂದವರು ತಿರುಗಿ ಸರಿಯಾಗಿ ಹೇಳುವವರೆಗೆ ಬಿಡುವುದಿಲ್ಲ. ಕೆಲವರಿಗೆ ಇದು ಕಿರಿಕಿರಿ. “ಶಾಲೆಯಲ್ಲಿ ಪಾಠ ಒಪ್ಪಿಸಿದ ಹಾಗೆ ಮಾರಾಯ್ರೆ” ಎಂದು ನನ್ನ ಪರಿಚಯದ ಒಬ್ಬರು ಗೊಣಗಿದರು. ಆದರೆ ಮುಂದಿನ ಸಲ ಕಾಗದ ಬಂದಾಗ ಮತ್ತೆ ಅಲ್ಲಿಗೇ ಹೋದರು.

ಎಲ್ಲ ಕೇಸುಗಳನ್ನೂ ಗೆಲ್ಲುತ್ತಾರೆಂದು ಅರ್ಥವಲ್ಲ. ಕಳೆದ ಜನವರಿಯಲ್ಲಿ ಬೆಳ್ತಂಗಡಿ ಕಡೆಯ ಕಾವೇರಮ್ಮ ಎಂಬವರ ಕೇಸು ಸೋತರು. ಕಾವೇರಮ್ಮನ ಮನೆಗೆ ಹೋಗುವ ಕಾಲುದಾರಿಯನ್ನು ಮೇಲಿನ ಜಾಗದವರು ಬೇಲಿ ಹಾಕಿ ಮುಚ್ಚಿದ್ದರು. ದಾರಿಗಾಗಿ ಹೂಡಿದ ದಾವೆ ಎರಡು ವರ್ಷ ನಡೆದು ಬಿದ್ದುಹೋಯಿತು. ಇಂಥ ಸುದ್ದಿಯನ್ನು ಸಾಮಾನ್ಯವಾಗಿ ವಕೀಲರು ಫೋನಿನಲ್ಲಿ ಹೇಳಿಬಿಡುತ್ತಾರೆ. ಮುಂಡಪ್ಪನವರು ತೀರ್ಪಿನ ಪ್ರತಿ ತೆಗೆದುಕೊಂಡು ಹೊರಟರು. ನಿವೃತ್ತನಾಗಿ ಮನೆಯಲ್ಲಿ ಕುಳಿತ ನನ್ನನ್ನೂ, “ಬನ್ನಿ ಸಾರ್, ಒಮ್ಮೆ ಹೋಗಿ ಬರುವ” ಎಂದು ಕರೆದರು.

ಬಸ್ಸಿಳಿದು, ಬೇಲಿಯನ್ನು ಬಳಸಿಕೊಂಡು, ಹಳ್ಳದ ಬದಿಯಲ್ಲಿ ಅರ್ಧ ಗಂಟೆ ನಡೆದೆವು. ನನಗೆ ಎರಡು ಕಡೆ ಕುಳಿತು ಸುಧಾರಿಸಿಕೊಳ್ಳಬೇಕಾಯಿತು. ಅವರು ಚೀಲವನ್ನು ಹೆಗಲಿನಿಂದ ಇಳಿಸಲೂ ಇಲ್ಲ. ಕಾವೇರಮ್ಮ ನಮ್ಮ ಮುಖ ನೋಡಿಯೇ ತಿಳಿದುಕೊಂಡರು. ಆದರೂ ಮುಂಡಪ್ಪನವರು ಇಪ್ಪತ್ತೆರಡು ಪುಟಗಳನ್ನೂ ಬಿಡಿಸಿ ಹೇಳಿದರು. ಕಾವೇರಮ್ಮನ ಕಡೆಯ ಸಾಕ್ಷಿಯೊಬ್ಬರು ದಾರಿಯ ಅಗಲವನ್ನು ತಪ್ಪಾಗಿ ಹೇಳಿದ್ದು, ಹಳೆಯ ನಕ್ಷೆಯನ್ನು ಹಾಜರುಪಡಿಸದೆ ಇದ್ದದ್ದು, ನ್ಯಾಯಾಧೀಶರು ಅದನ್ನೆಲ್ಲ ಎತ್ತಿ ಬರೆದದ್ದು, ಯಾವುದನ್ನೂ ಬಿಡಲಿಲ್ಲ.

“ನಕ್ಷೆ ತರಿಸಬೇಕಾಗಿದ್ದದ್ದು ನಾನು” ಎಂದರು. “ಬೇಕಾಗ್ಲಿಕ್ಕಿಲ್ಲ ಅಂತ ತಿಳ್ಕೊಂಡೆ. ಅದು ನನ್ನ ತಪ್ಪು. ಮೇಲಿನ ಕೋರ್ಟಿಗೆ ಅಪೀಲು ಹಾಕ್ಲಿಕ್ಕೆ ಮೂವತ್ತು ದಿನ ಉಂಟು. ನಿಮಗೆ ಬೇರೆ ವಕೀಲರು ಬೇಕಾದ್ರೆ ನಾನೇ ಒಳ್ಳೆಯವರನ್ನು ಹೇಳ್ತೇನೆ. ನನಗೆ ಎಂತದೂ ಬೇಸರ ಇಲ್ಲ.”

ಕಾವೇರಮ್ಮ ನನ್ನ ಕಡೆ ತಿರುಗಿದರು. “ಬೇರೆಯವರು ಇಷ್ಟು ದೂರ ನಡ್ಕೊಂಡು ಬಂದು ಸೋತದ್ದು ಯಾಕೆ ಅಂತ ಹೇಳ್ತಾರಾ?” ಎಂದು ಕೇಳಿದರು.

ಇಲ್ಲ ಎಂದೆ. ಮೂವತ್ತೈದು ವರ್ಷ ವಕೀಲರನ್ನು ಹತ್ತಿರದಿಂದ ನೋಡಿದವನಾಗಿ ಹೇಳಿದ ಮಾತು ಅದು.

“ಹಾಗಾದ್ರೆ ಇವರೇ ಇರ್ಲಿ” ಎಂದರು ಅವರು, ಕಾಫಿ ಮಾಡಲು ಒಳಗೆ ಎದ್ದರು.

ಹಿಂದಿರುಗುವಾಗ ಬಸ್ಸಿನಲ್ಲಿ ಮುಂಡಪ್ಪನವರು ತೀರ್ಪಿನ ಹಿಂಬದಿಯ ಖಾಲಿ ಜಾಗದಲ್ಲಿ ಅಪೀಲಿನ ಅಂಶಗಳನ್ನು ಬರೆಯತೊಡಗಿದರು. ಬಸ್ಸು ಕುಲುಕಿದಾಗ ಪೆನ್ನು ಎತ್ತುತ್ತಿದ್ದರು, ಸಮವಾದಾಗ ಮತ್ತೆ ಬರೆಯುತ್ತಿದ್ದರು. ಮರುವಾರ ಸರ್ವೆ ಕಚೇರಿಗೆ ನಾಲ್ಕು ಸಲ ಅಲೆದು ಹಳೆಯ ನಕ್ಷೆಯ ಪ್ರತಿ ತೆಗೆಸಿದರು. ಅದರಲ್ಲಿ ಕಾಲುದಾರಿ ಚುಕ್ಕೆಗೆರೆಯಲ್ಲಿ ಸ್ಪಷ್ಟವಾಗಿತ್ತು. ಇಪ್ಪತ್ತಾರನೆಯ ದಿನ ಅಪೀಲು ದಾಖಲಾಯಿತು. ವಿಚಾರಣೆ ಮುಂದಿನ ತಿಂಗಳು ಒಂಬತ್ತಕ್ಕೆ. ಬೆಳಗಿನ ಮೊದಲ ಬಸ್ಸಿಗೇ ಬರುತ್ತೇನೆಂದು ಕಾವೇರಮ್ಮ ಹೇಳಿ ಕಳುಹಿಸಿದ್ದಾರೆ.